ನನ್ನ ನೆಗೆಣ್ಣಿಯ ವಿಭೂತಿ ಸ್ಟಾಕು

ನನ್ನ ನೆಗೆಣ್ಣಿ ಹಸುಗಳನ್ನು ಮುಖ ನೋಡಿ ಗುರುತಿಸುವುದಿಲ್ಲ. ಅವಳು ಗುರುತಿಸುವುದು ಹಿಂದಿನಿಂದ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ (ಕ್ಷಮಿಸಿ, ನಾನು ಕಾನ್ವೆಂಟಿನಲ್ಲಿ ಕಲಿತವಳು, ಇಂಥ ಮಾತು ಬಾಯಿಗೆ ಸಲೀಸಾಗಿ ಬರುವುದಿಲ್ಲ) ಸಗಣಿಯಿಂದ! ಹಳಿಯಾಳದ ಯಾವ ಬೀದಿಯಲ್ಲಾದರೂ ಸರಿ, ಒಂದು ಗುಪ್ಪೆ ಸಗಣಿ ತೋರಿಸಿ. ಅದು ಜವಾರಿ ಆಕಳದ್ದೋ ಜರ್ಸಿಯದ್ದೋ, ಅಡವಿಯ ಹುಲ್ಲು ತಿಂದದ್ದೋ ಬಸ್ ಸ್ಟ್ಯಾಂಡಿನ ಹಿಂದೆ ಬಾಳೆಸಿಪ್ಪೆ ತಿಂದದ್ದೋ, ನಿಂತ ಕಾಲಮೇಲೆ ಹೇಳುತ್ತಾಳೆ. ಪರದೇಶಗಳಲ್ಲಿ ಒಂದು ಗುಟುಕು ವೈನ್ ಕುಡಿದು ಅದು ಯಾವ ತೋಟದ ದ್ರಾಕ್ಷಿಯದೆಂದು ಹೇಳುವ ಎಕ್ಸ್‌ಪರ್ಟ್‌ಗಳಿದ್ದಾರಂತೆ. ಅವರಿಗೆ ದೊಡ್ಡ ಸಂಬಳವಂತೆ. ನಮ್ಮವಳದು ಪ್ಯೂರ್‌ಲಿ ಆನರರಿ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು 'ಅಕ್ಕೋರ' ಎನ್ನುತ್ತಾಳೆ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುವುದು ವಾಡಿಕೆ, ನಾನು ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು. ಆದರೆ ಅವಳ ಬಾಯಿಂದ ಬಂದಾಗ ಅದು ಗೌರವವೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಇಬ್ಬರ ಗಂಡಂದಿರೂ ಹೋಗಿ ಬಹಳ ವರ್ಷಗಳಾದವು. ಅವಳು ಮಗ-ಸೊಸೆಯ ಜೊತೆ, ನಾನು ಪಕ್ಕದ ಮನೆಯಲ್ಲಿ ಮಗಳ ಜೊತೆ. ಮನೆಗಳ ನಡುವೆ ಗೋಡೆಯಿದೆ. ಹಿತ್ತಲು ಮಾತ್ರ ಒಂದೇ. ನಮ್ಮ ಜಗಳಗಳಿಗೆ ಅಷ್ಟು ಜಾಗ ಬೇಕಲ್ಲ!

ಈ ಸಗಣಿಯ ವಿದ್ಯೆ ಅವಳಿಗೇಕೆ ಬೇಕಾಯಿತು? ವಿಭೂತಿಗಾಗಿ. ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಹುಟ್ಟಿದಾಗಿನಿಂದ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಪೂಜೆಗೆ ಕುಳಿತಂತೆಯೇ ಕುಣಿಯೊಳಗೆ ಕೂರಿಸುತ್ತಾರೆ. ಸುತ್ತಲೂ ಬಿಲ್ವಪತ್ರೆ ಮತ್ತು ವಿಭೂತಿ ಗಟ್ಟಿಗಳನ್ನು ತುಂಬಿ, ಆಮೇಲೆ ಮಣ್ಣು. ಈಗ ಆ ಗಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ನೋಡಲು ಬೆಳ್ಳಗೆ, ನುಣ್ಣಗೆ. ಆದರೆ ಅವುಗಳಲ್ಲಿ ಬಹಳಷ್ಟು ಬರೀ ಸುಣ್ಣದ ಪುಡಿ ಎಂಬುದು ಅಕ್ಕನ ವಾದ.

"ಜೀವಮಾನ ಪೂರ್ತಿ ರೇಶನ್ ಅಕ್ಕಿ, ಪಾಕೀಟ ಹಾಲು, ಡಾಲ್ಡಾದ ಲಾಡು ತಿಂದೇನಿ," ಎನ್ನುತ್ತಾಳೆ. "ಹೋಗೂವಾಗರೆ ಖರೇದ್ರಾಗ ಕುಂದರ್ತೇನಿ."

ಹೀಗಾಗಿ ಅವಳು ತನ್ನ ಕುಣಿಗೆ ಬೇಕಾದ ವಿಭೂತಿಯನ್ನು ತಾನೇ ಮಾಡಿ, ನಮ್ಮ ಭಾವನವರ ಕಬ್ಬಿಣದ ಟ್ರಂಕಿನಲ್ಲಿ ತುಂಬಿಡಲು ಶುರುಮಾಡಿದಳು. ಜನ ಮುಪ್ಪಿಗೆಂದು ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತಾರೆ. ಇವಳದು ಅದರ ಮುಂದಿನ ಸ್ಟೇಜಿನ ಎಫ್‌ಡಿ!

ಮೊದಲನೆಯ ಸಮಸ್ಯೆ ಕಚ್ಚಾ ಮಾಲಿನದು. ಊರಿನ ದನಗಳು ಅವಳ ಕ್ವಾಲಿಟಿ ಕಂಟ್ರೋಲಿನಲ್ಲಿ ಪಾಸಾಗಲಿಲ್ಲ. ಅಡವಿಯಲ್ಲಿ ಮೇಯುವ ಜವಾರಿ ಆಕಳೇ ಆಗಬೇಕು. ಅಂಥವು ಇರುವುದು ಜೋಯಿಡಾ ದಾಟಿ ಅಣಶಿಯ ದಾರಿಯಲ್ಲಿರುವ ಗೌಳಿಗರ ಹಟ್ಟಿಯಲ್ಲಿ. ಸರಿ, ಚಳಿಗಾಲದ ಒಂದು ಬೆಳಿಗ್ಗೆ ನನ್ನನ್ನೂ ಹೊರಡಿಸಿದಳು. ನನ್ನ ಡ್ಯೂಟಿ ಛತ್ರಿ ಹಿಡಿಯುವುದು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಇನ್ನೂ ಒಂದು ನಿಯಮವಿದೆಯೆಂದು. ಸಗಣಿ ನೆಲಕ್ಕೆ ಬೀಳಬಾರದು! ಬೀಳುವ ಮೊದಲೇ ಮುತ್ತುಗದ ಎಲೆಯಲ್ಲಿ ಹಿಡಿಯಬೇಕು.

"ನೆಲಕ್ಕ ಬಿದ್ರ ಅದು ಗೊಬ್ಬರ," ಎಂದಳು ಅಕ್ಕ. "ಬೀಳೂಕಿಂತ ಮೊದಲ ಹಿಡದ್ರ ಶಿವನ ಮಾಲು."

"ಅದು ಯಾವಾಗ ಬೀಳ್ತೈತಿ ಅಂತ ಹೆಂಗ ತಿಳೀತೈತಿ ಅಕ್ಕಾ?"

"ಬಾಲಾ ಹೇಳ್ತೈತಿ. ನೀ ಬಾಯಿ ಮುಚ್ಚು."

ರಸ್ತೆಯ ಅಂಚಿನಲ್ಲಿ ಒಂದು ಕಂದು ಆಕಳು. ಅದರ ಹಿಂದೆ ಎಲೆ ಚಾಚಿಕೊಂಡು, ಉಸಿರು ಬಿಗಿಹಿಡಿದು ನಿಂತ ಅಕ್ಕ. ಅವಳ ಹಿಂದೆ ಛತ್ರಿ ಹಿಡಿದ ನಾನು. ಅಷ್ಟರಲ್ಲಿ ಟೂರಿಸ್ಟುಗಳ ಒಂದು ಜೀಪು ಬಂತು. ದಾಂಡೇಲಿಯ ಕಾಡಿಗೆ ಜನ ಬರುವುದೇ ಕರಿ ಚಿರತೆ ಕಾಣಬೇಕೆಂದು. ಕಾಡಿನ ಕಡೆ ಮುಖಮಾಡಿ ಶಿಲೆಯಂತೆ ನಿಂತ ಮುದುಕಿಯನ್ನು ಕಂಡದ್ದೇ ಜೀಪು ಗಕ್ಕನೆ ನಿಂತಿತು. ಇಂಜಿನ್ ಆಫ್. ಕ್ಯಾಮೆರಾಗಳು ಆನ್. ಒಬ್ಬಳು ಹುಡುಗಿ ಮೆಲ್ಲಗೆ ಇಳಿದು ಬಂದು ನನ್ನ ಕಿವಿಯಲ್ಲಿ ಕೇಳಿದಳು:

"ಆಂಟೀ, ಬ್ಲ್ಯಾಕ್ ಪ್ಯಾಂಥರ್?"

ನಾನು ಏನು ಹೇಳಲಿ? ಸುಳ್ಳು ಹೇಳಬಾರದೆಂದು ಸಿಸ್ಟರುಗಳು ಕಲಿಸಿದ್ದಾರೆ. "ಸಮ್‌ಥಿಂಗ್ ರೇರರ್, ಮೈ ಡಿಯರ್," ಎಂದೆ.

ಇಡೀ ಜೀಪು ಉಸಿರುಗಟ್ಟಿ ಕಾದಿತು. ಆಕಳೂ ಸಿನಿಮಾ ನಟಿಯಂತೆ ಕಾಯಿಸಿತು. ಕೊನೆಗೆ ಬಾಲ ಎತ್ತಿತು. ಅಕ್ಕ ಒಳ್ಳೇ ವಿಕೆಟ್ ಕೀಪರಿನ ಹಾಗೆ ಬಗ್ಗಿ ಹಿಡಿದಳು.

"ಓ ಮೈ ಗಾಡ್!" ಎಂದು ಹುಡುಗಿ ಚೀರಿದಳು.

ಅಕ್ಕ ತುಂಬಿದ ಎಲೆಯೊಂದಿಗೆ ತಿರುಗಿದಳು. "ಏನಂದ್ಳು ಆಕಿ?"

"'ದೇವರೇ' ಅಂದ್ಳು."

"ನೋಡವಾ! ಪ್ಯಾಟಿ ಹುಡಿಗೀಗೆ ಸುದ್ದಾ ಒಂದ ಸಲಕ್ಕ ಗುರ್ತ ಸಿಕ್ತು. ನಿನಗ ಇನ್ನೂ ಸಿಕ್ಕಿಲ್ಲ, ಅಕ್ಕೋರ."

ವಾಪಸು ಬರುವಾಗ ಬಸ್ಸು. ಅಕ್ಕನ ತೊಡೆಯ ಮೇಲೆ ಹಸಿ ಸಗಣಿಯ ಚೀಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಿನ ಕಥೆ ಇದು, ಹಾಗಾಗಿ ನಮಗೆ ಟಿಕೆಟ್ಟಿನ ಚಿಂತೆಯಿರಲಿಲ್ಲ. ಕಂಡಕ್ಟರ್ ಬಂದವನು ಮೂಗು ಮುರಿದ.

"ಅಜ್ಜೀ, ಚೀಲದಾಗ ಏನೈತ್ರಿ?"

"ಶಿವಾ ಅದಾನ."

"ಹಂಗಾದ್ರ ಶಿವಗ ಟಿಕೀಟ ತಗೋರಿ. ಲಗೇಜ ಆಗ್ತೈತಿ."

"ಹೆಂಗಸರಿಗೆ ಫ್ರೀ ಅಲ್ಲೇನೋ ತಮ್ಮಾ?"

"ಶಿವಾ ಎಲ್ಲೀ ಹೆಂಗಸರಿ!"

"ಅರ್ಧಾ ಹೆಂಗಸ ಅದಾನೋ! ಎಡಗಡೆ ಪೂರಾ ಪಾರ್ವತಿ. ಫೋಟೋದಾಗ ನೋಡಿಲ್ಲ?"

ಕಂಡಕ್ಟರ್ ಜಾಣ. "ಆತು, ಬಲಗಡೀದು ಅರ್ಧಾ ಟಿಕೀಟ ಕೊಡ್ರಿ ಹಂಗಾದ್ರ."

ಅಕ್ಕ ಕಣ್ಣು ಮಿಟುಕಿಸಲಿಲ್ಲ. "ಬಲಗಡೀಂವಾ ಸುಡಗಾಡದಾಗ ಇರ್ತಾನ. ಬಸ್ಸಿನಾಗ ಬಂದಿಲ್ಲ."

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಕೈಮುಗಿದು ಮುಂದೆ ಹೋದ. ಅವನ ಹಿಂದೆಯೇ ಅಕ್ಕಪಕ್ಕದ ಸೀಟಿನವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋದರು. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ನಾವಿಬ್ಬರು ಮಹಾರಾಣಿಯರಂತೆ ಕಾಲು ಚಾಚಿಕೊಂಡು ಹಳಿಯಾಳ ಮುಟ್ಟಿದೆವು.

"ಶಿವನ ಕೃಪಾ," ಎಂದಳು ಅಕ್ಕ.

"ಶಿವನ ವಾಸನೆ," ಎಂದೆ ನಾನು.

ಇನ್ನು ಮಾಡುವ ವಿಧಾನ. ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಬೇಕು. ಹಿತ್ತಲಿನ ಗುಂಡಿಯಲ್ಲಿ ಭತ್ತದ ಹೊಟ್ಟಿನ ನಡುವೆ ಆ ಉಂಡೆಗಳನ್ನಿಟ್ಟು ಬೆಂಕಿ ತೋರಿಸಬೇಕು. ಅದು ಉರಿಯಬಾರದು, ಒಳಗೊಳಗೇ ದಿನಗಟ್ಟಲೆ ಬೇಯಬೇಕು. ಆಮೇಲೆ ಆ ಬೂದಿಯನ್ನು ನೀರಿನಲ್ಲಿ ಕಲಸಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕುಳಿತ ಕೆನೆಯಂಥದನ್ನು ಗಟ್ಟಿ ತಟ್ಟಿ ನೆರಳಲ್ಲಿ ಒಣಗಿಸಬೇಕು. ಇದೆಲ್ಲ ಅವಳು ತನ್ನ ತವರಿನ ಮುದುಕಿಯರಿಂದ ಕಲಿತದ್ದು. ಎಷ್ಟು ತಲೆಮಾರಿನದು ಎಂದು ಕೇಳಿದರೆ, "ಶಿವಾ ಮೊದಲ ಸಲ ಮೈಗೆ ಬೂದಿ ಬಡಕೊಂಡಾಗ ಯಾರೋ ಒಬ್ಬಾಕಿ ಮಾಡಿಕೊಟ್ಟಿರಬೇಕಲ್ಲ, ಆಕೀದು," ಎನ್ನುತ್ತಾಳೆ.

ಗುಂಡಿಗೆ ಬೆಂಕಿ ಬಿದ್ದ ದಿನಗಳಲ್ಲಿ ನನ್ನ ಸೀರೆ, ನನ್ನ ತಲೆದಿಂಬು, ನನ್ನ ಇಂಗ್ಲಿಷ್ ಡಿಕ್ಷನರಿ ಎಲ್ಲವೂ ಹೊಗೆ ಹೊಗೆ. ಹಾಗೊಂದು ಮಧ್ಯಾಹ್ನ ಕೆಮ್ಮುತ್ತ ಕುಳಿತಾಗ ನನ್ನ ಬೋರ್ಡಿಂಗ್ ದಿನಗಳ ನೆನಪಾಯಿತು. ಬೆಳಗಾವಿಯ ಆ ಉದ್ದನೆಯ ಕಾರಿಡಾರು, ಪಾಲಿಶ್ ವಾಸನೆ, ಬಿಳಿ ನಿಲುವಂಗಿಯ ಸಿಸ್ಟರುಗಳು. ವರ್ಷಕ್ಕೊಮ್ಮೆ ಆ್ಯಶ್ ವೆಡ್ನೆಸ್‌ಡೇ ದಿನ ಫಾದರ್ ಬಂದು ಕ್ರಿಶ್ಚಿಯನ್ ಹುಡುಗಿಯರ ಹಣೆಗೆ ಬೂದಿ ಹಚ್ಚುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕುಳಿತು, ದಿನಾ ವಿಭೂತಿ ಹಚ್ಚುವ ನಮ್ಮ ಅಜ್ಜಿಯೂ ಇಲ್ಲಿಗೆ ಬರಬಹುದಿತ್ತಲ್ಲ ಎಂದುಕೊಳ್ಳುತ್ತಿದ್ದೆ. ಇದನ್ನು ಅಕ್ಕನಿಗೆ ಹೇಳಿದೆ.

"ವರ್ಷಕ್ಕ ಒಮ್ಮೆನ?" ಅಕ್ಕ ಕೈಯಲ್ಲಿದ್ದ ಕೋಲು ಕೆಳಗಿಟ್ಟಳು. "ಪಾಪ! ದನಾ ಕಡಿಮಿ ಏನು ಅವರಿಗೆ?"

"ದನದ್ದಲ್ಲ ಅಕ್ಕಾ. ಒಣಗಿದ ತೆಂಗಿನ ಗರಿ ಸುಟ್ಟು ಮಾಡ್ತಾರ."

ಅವಳು ಕೋಲು ಮತ್ತೆ ಎತ್ತಿಕೊಂಡಳು. "ಅಡ್ಡಿ ಇಲ್ಲ. ಸುಟ್ಟ ಮ್ಯಾಲ ಎಲ್ಲಾ ಶಿವಂದ. ಆದ್ರ ಬೆಳ್ಳಗ ಬರಂಗಿಲ್ಲ ನೋಡು. ಹಚ್ಚೂವಾಗ ಏನಂತಾರ?"

"ಎಲ್ಲಾರೂ ಒಂದಿನ ಮಣ್ಣಿಗೆ ಹೋಗಾವ್ರು ಅಂತ ನೆನಪ ಮಾಡ್ತಾರ."

"ನಮ್ಮ ಅಯ್ನಾರೂ ಅದನ್ನ ಹೇಳ್ತಾರಲ್ಲ! ದಕ್ಷಿಣಿ ತಗೊಂಡು ಹೇಳ್ತಾರ, ಅಷ್ಟ ಫರಕ."

ಅಂತೂ ಸ್ವಲ್ಪ ಸ್ವಲ್ಪವೇ ಸೇರಿ ಟ್ರಂಕು ತುಂಬಿತು. ಮಲ್ಲಿಗೆಯಂಥ ಗಟ್ಟಿಗಳು, ಒಂದೊಂದನ್ನೂ ಹಳೇ ಧೋತರದ ಚೂರಿನಲ್ಲಿ ಸುತ್ತಿಟ್ಟಿದ್ದಳು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ನಮ್ಮ ಎದುರು ಮನೆಯ ಸಾಹುಕಾರರು ತೀರಿಕೊಂಡರು.

ಗಟಾರದ ನೀರಿನ ವಿಷಯಕ್ಕೆ ಅವರಿಗೂ ಅಕ್ಕನಿಗೂ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಆದರೂ ಅಕ್ಕ ಅವರ ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋದಳು. ಹೋದವಳು ಅಂಗಡಿಯಿಂದ ತಂದ ಗಟ್ಟಿಗಳನ್ನು ಮೂಸಿ ನೋಡಿದಳು. ನೇರ ಮನೆಗೆ ಬಂದು, ಬುಟ್ಟಿಯಲ್ಲಿ ತನ್ನ ಗಟ್ಟಿಗಳನ್ನು ತುಂಬಿಕೊಂಡು ಹೊರಟಳು. ನಾನು ಬಾಗಿಲಲ್ಲಿ ತಡೆದೆ.

"ಅಕ್ಕಾ, ಅವರು ನಿನ್ನ ವೈರಿ!"

"ಇದ್ದಾಗ ಅವಗ ಒಂದ ಎಸಳ ಕರಿಬೇವು ಕೊಟ್ಟಾಕಿ ಅಲ್ಲ ನಾ. ಹಂಗಂತ ಮನಶ್ಯಾನ್ನ ಸುಣ್ಣದಾಗ ಕುಂದರ್ಸೂದನ?"

"ಮತ್ತ ನಿನಗ?"

"ಅವಗ ಅರ್ಜೆಂಟ್ ಐತಿ. ನನಗೇನ ಅವಸರ ಐತಿ?"

ಅವಳ ಶಬ್ದಕೋಶದಲ್ಲಿರುವ ಕೆಲವೇ ಇಂಗ್ಲಿಷ್ ಪದಗಳಲ್ಲಿ 'ಅರ್ಜೆಂಟ್' ಒಂದು. ಅದರ ಸರಿಯಾದ ಅರ್ಥ ನನಗೆ ತಿಳಿದದ್ದು ಆ ದಿನ.

ಅಲ್ಲಿಂದ ಸುದ್ದಿ ಹಬ್ಬಿತು. ಓಣಿಯಲ್ಲಿ ಯಾರೇ ತೀರಿಕೊಂಡರೂ ಜನ ಮೊದಲು ನಮ್ಮ ಹಿತ್ತಲ ಬಾಗಿಲು ಬಡಿಯತೊಡಗಿದರು. ಟ್ರಂಕು ತುಂಬುವುದು, ಖಾಲಿಯಾಗುವುದು. ಮತ್ತೆ ಗೌಳಿಗರ ಹಟ್ಟಿ, ಮತ್ತೆ ಬಸ್ಸು, ಮತ್ತೆ ಹೊಗೆ. ಇದರಿಂದ ಅಕ್ಕನಿಗೊಂದು ಕೆಟ್ಟ ಚಾಳಿ ಅಂಟಿಕೊಂಡಿತು. ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದರೆ ನೋಡಲು ಹೋಗುವಳು. ಹೋಗಿ ಪಕ್ಕದಲ್ಲಿ ಕುಳಿತು, ಪ್ರೀತಿಯಿಂದ ಮಾತಾಡಿಸುತ್ತಲೇ, ರೋಗಿಯನ್ನು ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಕಣ್ಣಿನಲ್ಲೇ ಅಳೆಯುವಳು! ಮೇಲಿನ ಓಣಿಯ ಒಬ್ಬ ದಪ್ಪ ಕಂತ್ರಾಟದಾರರಿಗಂತೂ ಬಾಯಿಬಿಟ್ಟೇ ಹೇಳಿದಳು: "ಅಣ್ಣಾ, ಸ್ವಲ್ಪ ತೆಳ್ಳಗ ಆಗೋ. ನಿನ್ನೊಬ್ಬಂಗ ಮೂರು ಮಂದೀದು ಹಿಡೀತೈತಿ." ಅವರು ಮರುದಿನವೇ ಎದ್ದು ವಾಕಿಂಗ್ ಶುರುಮಾಡಿದರು. ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. ಅಕ್ಕನನ್ನು ಕಂಡರೆ ಮಾತ್ರ ರಸ್ತೆ ದಾಟುತ್ತಾರೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಕೆಮ್ಮು ನಿಲ್ಲದಾಯಿತು. ಡಾಕ್ಟರು ಎದೆಯ ಫೋಟೋ ನೋಡಿ, "ಅಜ್ಜೀ, ಇನ್ನ ಹೊಗೀ ಮುಂದ ಕುಂದ್ರಬ್ಯಾಡ್ರಿ. ಕುಂತ್ರ ನಿಮ್ಮ ವಿಭೂತಿ ನಿಮಗ ಲಗೂನ ಬೇಕಾಗ್ತೈತಿ," ಎಂದರು. ಮಗ ಆ ದಿನವೇ ಗುಂಡಿ ಮುಚ್ಚಿಸಿ ಅದರ ಮೇಲೆ ದಾಸವಾಳದ ಗಿಡ ನೆಟ್ಟ.

ಅಕ್ಕ ಟ್ರಂಕಿನ ಮುಚ್ಚಳ ತೆಗೆದು ಒಂದೊಂದೇ ಗಟ್ಟಿ ಎಣಿಸಿದಳು. ಒಬ್ಬರಿಗೆ ಸಾಲುವಷ್ಟು ಉಳಿದಿತ್ತು. ಒಬ್ಬರಿಗೆ ಮಾತ್ರ.

"ಸಾಕಲ್ಲ ಅಕ್ಕಾ," ಎಂದೆ. "ನಿನಗ ಆತು."

"ನಿನಗ?"

"ನನಗ ಅಂಗಡೀದು ನಡೀತೈತಿ. ಜೀವಮಾನ ಎಲ್ಲಾ ಚಾಕ್‌ಪೀಸ್ ಹಿಡದಾಕಿ ನಾನು. ಸುಣ್ಣದ ಪುಡಿ ನನಗೇನು ಹೊಸಾದೇನು?"

ನಾನೇ ನಕ್ಕೆ. ಅಕ್ಕ ಮುಚ್ಚಳ ಹಾಕಿದಳು.

ಮಳೆಗಾಲದ ಕೊನೆಗೆ ನನ್ನ ಹಾರ್ಟು ಕೈಕೊಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ನನಗೆ ಆ ದಿನಗಳದು ಸರಿಯಾಗಿ ನೆನಪಿಲ್ಲ. ಮೂಗಿಗೆ ನಳಿಕೆ, ಎಲ್ಲೋ ದೂರದಲ್ಲಿ ಮಗಳ ದನಿ. ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡಿದ್ದರಂತೆ. ಅಕ್ಕ ಬಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ನಾನು ಮನಸ್ಸಿನಲ್ಲೇ, 'ಕಮ್ ಆನ್, ಈಗ ಅಳತೆ ತೆಗೆದುಕೋ' ಎಂದು ತಮಾಷೆಗೆ ಕಾದೆ. ಅವಳು ಕಿಟಕಿ ನೋಡಿದಳು, ಫ್ಯಾನು ನೋಡಿದಳು, ಸಲೈನ್ ಬಾಟಲಿ ನೋಡಿದಳು. ನನ್ನ ಭುಜದ ಕಡೆ ಒಮ್ಮೆಯೂ ನೋಡಲಿಲ್ಲ.

ಹೇಗೋ ಬದುಕಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅಕ್ಕನ ಮಗ, ಸೊಸೆ ಇಬ್ಬರೂ ಟ್ರಂಕನ್ನು ಹೊತ್ತುಕೊಂಡು ನನ್ನ ಕೋಣೆಗೆ ಬಂದರು. ಹಿಂದೆ ಅಕ್ಕ. ಟ್ರಂಕು ನನ್ನ ಮಂಚದ ಕೆಳಗೆ ಸರಿಯಿತು.

"ಇದೇನಕ್ಕಾ?"

"ಟ್ರಂಕು."

"ಅದು ಕಾಣಸ್ತೈತಿ. ಇಲ್ಯಾಕ?"

"ನಮ್ಮ ಮನ್ಯಾಗ ಇಲಿ ಭಾಳ ಆಗ್ಯಾವ."

ಇಲಿಗಳು ಕಬ್ಬಿಣ ಕಡಿದು ಬೂದಿ ತಿನ್ನುತ್ತವೆಯೇ? ನನಗೆ ಅರ್ಥವಾಯಿತು. ಅರ್ಥವಾದದ್ದೇ ಸಿಟ್ಟು ಬಂತು.

"ನನಗ ಬ್ಯಾಡ. ಇದು ನಿಂದು. ಇಷ್ಟೆಲ್ಲಾ ಯಾತಕ್ಕ ಮಾಡಿದಿ ಮತ್ತ? ನೀ ಏನ್ ಮಾಡ್ತಿ?"

"ನನಗ ಮಣ್ಣ ಐತಲ್ಲ. ಮಣ್ಣೇನು ಜರ್ಸಿ ಅಲ್ಲ."

"ಒಯ್ಯಿ ಅಂದ್ನಿ!"

"ಒಯ್ಯಂಗಿಲ್ಲ ಅಂದ್ನಿ!"

ಇಬ್ಬರು ಮುದುಕಿಯರು ತಮ್ಮ ಸಾವಿನ ಸಾಮಾನನ್ನು ನೀ ಇಟ್ಟುಕೋ, ನೀ ಇಟ್ಟುಕೋ ಎಂದು ಕಿತ್ತಾಡುವುದನ್ನು ಕಂಡು ಸೊಸೆ ಅಳಬೇಕೋ ನಗಬೇಕೋ ತಿಳಿಯದೆ ಚಹಾ ಮಾಡಲು ಹೋದಳು. ಅಕ್ಕ ಏದುಸಿರು ಬಿಡುತ್ತ ಮಂಚದ ಮೇಲೆ ಕುಳಿತಳು. ಬಗ್ಗಿ, ಟ್ರಂಕು ತೆರೆದು, ಒಂದು ಗಟ್ಟಿ ತೆಗೆದು ಬಟ್ಟೆ ಬಿಚ್ಚಿದಳು.

"ಹಂಗಾದ್ರ ಒಂದ ಕೆಲಸಾ ಮಾಡೂಣು. ನೀನೂ ಒಯ್ಯೂದು ಬ್ಯಾಡ, ನಾನೂ ಒಯ್ಯೂದು ಬ್ಯಾಡ. ದಿನಾ ಮುಂಜಾನಿ ಬಂದು ನಿನ್ನ ಹಣಿಗೆ ಹಚ್ಚತೇನಿ. ಇದು ತೀರೂತನಾ ನೀ ಎಲ್ಲೂ ಹೋಗಂಗಿಲ್ಲ. ಶಿವನ್ನ ಕೇಳೇನಿ, ಹ್ಞೂಂ ಅಂದಾನ."

"ಖರೇನ ಹ್ಞೂಂ ಅಂದ್ನ?"

"ಇಲ್ಲ ಅಂದಿಲ್ಲಲ್ಲ."

ಅಂದಿನಿಂದ ಇದೇ ನಡೆದಿದೆ. ಮೊನ್ನೆ ಹಿಂದಿನ ಓಣಿಯಲ್ಲಿ ಯಾರೋ ಹಿರಿಯರು ತೀರಿಕೊಂಡರು. ಅವರ ಮಗ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತ. "ಇಲ್ಲಪಾ, ಎಲ್ಲಾ ತೀರಿ ಹೋತು," ಎಂದಳು ಅಕ್ಕ. ಯಾರಿಗೂ ಇಲ್ಲ ಎಂದವಳಲ್ಲ. ಅವನು ಹೋದ ಮೇಲೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಾಗಿಲು ಹಾಕಿದಳು.

ಪ್ರತಿ ಬೆಳಿಗ್ಗೆ ಅವಳ ಲಿಂಗಪೂಜೆ ಮುಗಿದ ಮೇಲೆ ನನ್ನ ಕೋಣೆಗೆ ಬರುತ್ತಾಳೆ. ಅವಳ ಸ್ವಂತ ಹಣೆಯ ಮೇಲೆ ಏನೂ ಇರುವುದಿಲ್ಲ, ನೀರಿನ ಗೆರೆಯಷ್ಟೇ. ಮೂರು ಬೆರಳು ಒದ್ದೆ ಮಾಡಿ, ಗಟ್ಟಿಯ ಮೇಲೆ ಆಡಿಸಿ, ನನ್ನ ಹಣೆಯ ಮೇಲೆ ಎಳೆಯುತ್ತಾಳೆ. ಗಾಳಿ ಸೋಕಿದಂತಿರುತ್ತದೆ. ನಾನು ಕನ್ನಡಿ ನೋಡುತ್ತೇನೆ.

"ಅಕ್ಕಾ, ಏನೂ ಕಾಣವಲ್ದು."

"ನಿನ್ನ ಕಣ್ಣಿಗೆ ಪೊರಿ ಬಂದೈತಿ, ಅಕ್ಕೋರ," ಎನ್ನುತ್ತಾಳೆ. ಎಂದು, ಬೆರಳ ತುದಿಗೆ ಉಳಿದ ಪುಡಿಯನ್ನು ಮೆಲ್ಲಗೆ ಗಟ್ಟಿಗೇ ತೀಡಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಾಳೆ.